ಕ್ಲಚ್ಚಿನ ಗಾಳಿ ತೆಗೆದ ದಿನ

“ಒತ್ತಣ್ಣಾ!” ಲಾರಿಯ ಕೆಳಗಿನಿಂದ ಕಾಕಾನ ದನಿ ಕೇಳಿ ಅವ್ವ ಬೆಚ್ಚಿ ಹೊರಗೆ ಬಂದಳು. ಅರವತ್ತರ ದಶಕದ ಕೊನೆಯ ನಾಗಪುರ. ಮನೆ ಪಾಲಾದಂದಿನಿಂದ ಅಪ್ಪ, ಕಾಕಾ ಮಾತು ಬಿಟ್ಟಿದ್ದರು. ಉಮರೇಡಿನ ಕಲ್ಲಿದ್ದಲು ತರುವ ಒಂದೇ ಲಾರಿಯನ್ನು ಸರದಿಯಲ್ಲಿ ಓಡಿಸುತ್ತಿದ್ದರೂ ಹೇಳುವುದೆಲ್ಲ ಅವ್ವನ ಮೂಲಕವೇ. ಅಂದು ಕ್ಲಚ್ಚಿನ ಸವೆದ ರಬ್ಬರ್ ವಾಷರ್ ಬದಲಿಸಿದ್ದರು. ಎಣ್ಣೆಯ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ಒಬ್ಬರು ಮೇಲೆ ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ತಿರುಪು ಸಡಿಲಿಸಬೇಕು. ಮಾತಿಲ್ಲದೆ ಆಗದ ಕೆಲಸ.

“ಒತ್ತೀನಿ. ಬಿಡ್ಲೇನೋ ತಮ್ಮಾ?” ಎಂದರು ಅಪ್ಪ. ಅವ್ವ ಓಡಿಹೋಗಿ ಇಬ್ಬರಿಗೂ ಚಹಾಕ್ಕಿಟ್ಟಳು.

ಅಷ್ಟರಲ್ಲಿ ಗಾಳಿಯೆಲ್ಲ ಹೋಗಿ ಪೆಡಲ್ ಗಟ್ಟಿಯಾಯಿತು. “ಬರೋಬರ್ ಆತು” ಎಂದ ಕಾಕಾ ಕೈ ಒರೆಸಿಕೊಂಡು, ಚಹಾಕ್ಕೂ ನಿಲ್ಲದೆ ಹೋದರು.

ಮತ್ತೆ ಅವರು ಮಾತಾಡಲೇ ಇಲ್ಲ. ಈಗ ಇಬ್ಬರೂ ಇಲ್ಲ. ಆ ಪೈಪಿನಲ್ಲಿ ಇನ್ನಷ್ಟು ಗಾಳಿ ಇರಬಾರದಿತ್ತೇ ಎನಿಸುತ್ತದೆ.