ಎಡಗೈ ಬ್ರಾವುಲಿಯೊನ ನಿಧಾನದ ಚೆಂಡು

ಸ್ಯಾನ್ ಪೆದ್ರೊ ಊರಿನ ಸಕ್ಕರೆ ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ಗಂಡಸರದು ಎರಡೇ ಜಾತಿ: ಅಮೆರಿಕದ ದೊಡ್ಡ ಲೀಗಿನಲ್ಲಿ ಬೇಸ್‌ಬಾಲ್ ಆಡಿ ಬಂದವರದು ಒಂದು, ಉಳಿದವರೆಲ್ಲರದು ಇನ್ನೊಂದು. ಅಲ್ಲಿ ಒಂದೇ ದಿನ ಆಡಿದ್ದರೂ ಸಾಕು, ಅಪ್ಪ ಅಮ್ಮ ಇಟ್ಟ ಹೆಸರು ಅಂದಿಗೇ ಅಳಿಸಿಹೋಗುತ್ತದೆ. ಸಾಯುವ ತನಕ ಅವನು ‘ದೊಡ್ಡ ಲೀಗಿನೋರು’. ಐಸು ಮಾರುವ ಮುದುಕ ಡಮಾಸೊ ನಲವತ್ತು ವರ್ಷದ ಕೆಳಗೆ ಅಲ್ಲಿ ಹನ್ನೊಂದು ದಿನ ಇದ್ದವನು. ಅದರಲ್ಲಿ ಒಂಬತ್ತು ದಿನ ಬೆಂಚಿನ ಮೇಲೆ ಕೂತೇ ಕಳೆದಿದ್ದ. ಆದರೂ ಚರ್ಚಿನ ಪಾದ್ರಿ ಕೂಡ ಅವನನ್ನು ಕಂಡರೆ, “ಏನ್ ದೊಡ್ಡ ಲೀಗ್‌ನೋರೇ, ಮಂಡಿ ನೋವು ಹೇಗಿದೆ?” ಎಂದೇ ಮಾತಾಡಿಸುತ್ತಿದ್ದರು.

ಬ್ರಾವುಲಿಯೊ ಸೆವೆರಿನೊನಿಗೆ ಮೂವತ್ತಮೂರು ದಾಟಿತ್ತು. ಅವನು ಇನ್ನೂ ಬರೀ ಬ್ರಾವುಲಿಯೊ.

ಹಾಗೆಂದು ಅವನೇನು ಕೈಲಾಗದವನಲ್ಲ. ಎಡಗೈ ಪಿಚರ್, ಎಂದರೆ ಬ್ಯಾಟುಗಾರನಿಗೆ ಚೆಂಡು ಎಸೆಯುವವನು. ಇಪ್ಪತ್ತನೆಯ ವಯಸ್ಸಿಗೆ ಅಮೆರಿಕದ ಒಂದು ಕ್ಲಬ್ಬು ಅವನ ರುಜು ಹಾಕಿಸಿಕೊಂಡು ಕರೆದೊಯ್ದಿತ್ತು. ಅಂದಿನಿಂದ ಹದಿಮೂರು ಬೇಸಿಗೆ ಅವನು ಅಲ್ಲಿಯ ಕೆಳದರ್ಜೆಯ ಲೀಗುಗಳಲ್ಲಿ, ಜೋಳದ ಹೊಲಗಳ ನಡುವಿನ ಸಣ್ಣ ಊರುಗಳಲ್ಲಿ, ಬಸ್ಸಿನಲ್ಲೇ ನಿದ್ದೆ ಮಾಡಿಕೊಂಡು ಆಡಿದ. ಚಳಿಗಾಲ ಬಂತೆಂದರೆ ಮನೆಗೆ ಮರಳಿ ಊರ ತಂಡಕ್ಕೆ ಆಡುತ್ತಿದ್ದ. ಮೆಟ್ಟಿಲಿನ ಕೊನೆಯ ಹಂತದವರೆಗೆ ನಾಲ್ಕು ಸಲ ಹೋಗಿದ್ದ. ನಾಲ್ಕು ಸಲವೂ ಬಾಗಿಲು ಬೇರೆಯವನಿಗೆ ತೆರೆಯಿತು. ಮೇಲೆ ಹೋದ ಪ್ರತಿಯೊಬ್ಬನ ಹೆಸರೂ, ಹೋದ ತಾರೀಖೂ ಅವನಿಗೆ ಬಾಯಿಪಾಠ. ಮದುವೆಯ ದಿನ ಮರೆಯುತ್ತಿದ್ದ, ಇದನ್ನು ಮರೆಯುತ್ತಿರಲಿಲ್ಲ.

ಅವನ ಕೈಯಲ್ಲಿದ್ದ ಆಸ್ತಿಯೆಂದರೆ ನಿಧಾನದ ಚೆಂಡು. ತೋಳು ವೇಗದ ಚೆಂಡಿಗೆ ಬೀಸಿದಂತೆಯೇ ಬೀಸುತ್ತದೆ, ಚೆಂಡು ಮಾತ್ರ ಸೋಮಾರಿಯಾಗಿ ಬರುತ್ತದೆ. ಬ್ಯಾಟು ಹಿಡಿದವನು ಅದು ಬರುವ ಮೊದಲೇ ಬೀಸಿ ಮುಗಿಸಿ ಬೆಪ್ಪಾಗಬೇಕು. ಬ್ರಾವುಲಿಯೊನ ಆ ಎಸೆತ ನೋಡಿದ ಕೋಚುಗಳೆಲ್ಲ ತಲೆದೂಗಿದ್ದರು. ಆದರೆ ವಿಚಿತ್ರ ನೋಡಿ, ಬ್ಯಾಟುಗಾರರು ಬೆಪ್ಪಾಗುತ್ತಿರಲಿಲ್ಲ. ಮೊದಲೇ ಗೊತ್ತಿದ್ದವರಂತೆ ಕಾದು ನಿಂತು, ಬಾರಿಸುವುದನ್ನು ಬಾರಿಸಿ, ಬಿಡುವುದನ್ನು ಬಿಡುತ್ತಿದ್ದರು. ಬ್ರಾವುಲಿಯೊ ಅದಕ್ಕೆ ಹಣೆಬರಹ ಎಂದು ಹೆಸರಿಟ್ಟಿದ್ದ.

ಅವನ ಹೆಂಡತಿ ನೆರೇಯ್ದಾಳಿಗೆ ಒಬ್ಬನೇ ತಮ್ಮ, ಒಸೀರಿಸ್. ಅವನೂ ಎಡಗೈಯವನು. ತಂದೆಯಿಲ್ಲದ ಆ ಹುಡುಗ ಹತ್ತು ವರ್ಷದವನಿದ್ದಾಗಿನಿಂದ ಬ್ರಾವುಲಿಯೊನ ಬೆನ್ನ ಹಿಂದೆಯೇ ಬೆಳೆದ. ಭಾವ ಟೋಪಿ ಓರೆ ಹಾಕಿದರೆ ಇವನೂ ಓರೆ ಹಾಕುತ್ತಿದ್ದ. ಭಾವ ಉಗುಳಿದ ಕಡೆಯೇ ಉಗುಳುತ್ತಿದ್ದ. ನಿಧಾನದ ಚೆಂಡನ್ನು ಅಂಗೈಯ ಆಳಕ್ಕೆ ತುರುಕಿ ಐದೂ ಬೆರಳಿನಲ್ಲಿ ಹಿಡಿಯುವುದನ್ನು ಬ್ರಾವುಲಿಯೊ ತಾನೇ ಕೂರಿಸಿಕೊಂಡು ಕಲಿಸಿದ್ದ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ಅದೇ ಕ್ಲಬ್ಬಿಗೆ ಸೇರಿದ ಒಸೀರಿಸ್ ಬರೀ ನಾಲ್ಕು ವರ್ಷದಲ್ಲಿ, ಇಪ್ಪತ್ತೆರಡು ತುಂಬುವುದರೊಳಗೆ, ಎಂಬತ್ತೆಂಟರ ಸೆಪ್ಟೆಂಬರಿನಲ್ಲಿ ಮೂರು ವಾರ ಮೇಲೆ ಆಡಿಬಿಟ್ಟ.

ಅವನು ಊರಿಗೆ ಬಂದ ದಿನ ಕೇರಿಯೇ ಬೀದಿಯಲ್ಲಿತ್ತು. ಡಮಾಸೊ ಐಸಿನ ಗಾಡಿ ನಿಲ್ಲಿಸಿ, ತನ್ನ ಸರೀಕ ಬಂದನೆಂಬ ಗತ್ತಿನಲ್ಲಿ ಕೈ ಕುಲುಕಿದ. ಹಲ್ಲಿಲ್ಲದ ಅಜ್ಜಿಯರೂ ದೊಡ್ಡ ಲೀಗಿನೋರು ಬಂದರು ಎಂದರು. ಬ್ರಾವುಲಿಯೊ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಬಂದ, ಮೆರವಣಿಗೆಯಲ್ಲಿ ಛತ್ರಿ ಹಿಡಿಯುವವನ ಹಾಗೆ.

ಅಂದು ಅತ್ತೆ ಕಾಸಿಲ್ದಾ ಮೇಕೆಯ ಮಾಂಸ, ಅನ್ನ, ಕೆಂಪು ಕಾಳಿನ ಸಾರು ಮಾಡಿದ್ದಳು. ಪಾತ್ರೆಯ ತಳ ಹಿಡಿದ ಗರಿಗರಿ ಅನ್ನವೆಂದರೆ ಆ ಮನೆಗಳಲ್ಲಿ ಮರ್ಯಾದೆಯ ತುತ್ತು. ಮದುವೆಯಾದಾಗಿನಿಂದ ಅದು ಅಳಿಯನ ತಟ್ಟೆಗೇ ಬೀಳುತ್ತಿತ್ತು. ಅಂದು ಅತ್ತೆ ಅದನ್ನು ಸೌಟಿನಲ್ಲಿ ಕೆರೆದು ಇಡಿಯಾಗಿ ಮಗನ ತಟ್ಟೆಗೆ ಹಾಕಿದಳು. ಒಸೀರಿಸ್ ಅದನ್ನು ಮುರಿದು ಅರ್ಧ ಭಾವನ ತಟ್ಟೆಗಿಟ್ಟ. ಇಡದಿದ್ದರೇ ಚೆನ್ನಾಗಿತ್ತು. ಬ್ರಾವುಲಿಯೊನಿಗೆ ಅದು ಭಿಕ್ಷೆ ಹಾಕಿದಂತೆ ಕಂಡಿತು. ಹುಡುಗ ಕೆಟ್ಟವನಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಇವನು ಒಳ್ಳೆಯವನು. ಒಳ್ಳೆಯವರ ಮೇಲಿನ ಹೊಟ್ಟೆಕಿಚ್ಚಿಗೆ ಹೊಗೆ ಹೋಗಲು ಕಿಟಕಿಯೂ ಇರುವುದಿಲ್ಲ.

ಆ ಚಳಿಗಾಲ ಇಬ್ಬರೂ ಊರ ತಂಡದಲ್ಲಿದ್ದರು. ನವೆಂಬರಿನ ಒಂದು ಬೆಳಿಗ್ಗೆ ಅಭ್ಯಾಸ ನಡೆದಿತ್ತು. ಬ್ರಾವುಲಿಯೊ ಬ್ಯಾಟುಗಾರ ನಿಲ್ಲುವ ಕಡೆ ಬೇಲಿಗೆ ಒರಗಿ ಒಸೀರಿಸನ ಎಸೆತ ನೋಡುತ್ತಿದ್ದ. ನೋಡುತ್ತಿದ್ದ ಎನ್ನುವುದಕ್ಕಿಂತ ಹುಳುಕು ಹುಡುಕುತ್ತಿದ್ದ ಎನ್ನಬೇಕು. ಹುಡುಕಿದವನಿಗೆ ಸಿಕ್ಕಿತು. ಪಿಚರ್ ಆದವನು ಚೆಂಡು ಹಿಡಿದ ಕೈಯನ್ನು ಇನ್ನೊಂದು ಕೈಯ ಗ್ಲೌಸಿನೊಳಗೆ ಬಚ್ಚಿಟ್ಟುಕೊಂಡೇ ಬೆರಳು ಹೊಂದಿಸಿಕೊಳ್ಳಬೇಕು. ಒಸೀರಿಸ್ ವೇಗದ ಚೆಂಡಿಗೆ ಬೆರಳಿಟ್ಟಾಗ ಗ್ಲೌಸು ಮುಚ್ಚಿಕೊಂಡೇ ಇರುತ್ತಿತ್ತು. ನಿಧಾನದ ಚೆಂಡನ್ನು ಅಂಗೈಗೆ ತುರುಕುವಾಗ ಮಾತ್ರ ಬೆರಳಿಗೆ ಜಾಗ ಸಾಲದೆ ಗ್ಲೌಸು ಎರಡು ಬೆರಳಿನಷ್ಟು ಅರಳುತ್ತಿತ್ತು. ಇಪ್ಪತ್ತು ಎಸೆತ ನೋಡಿದ. ಇಪ್ಪತ್ತಕ್ಕೆ ಇಪ್ಪತ್ತೂ ಮೊದಲೇ ಹೇಳಬಹುದಿತ್ತು.

ಸದ್ಯಕ್ಕೆ ಹುಡುಗನ ವೇಗವೇ ಅದನ್ನು ಮುಚ್ಚಿಹಾಕಿತ್ತು. ಆದರೆ ಒಬ್ಬ ಹಳೇ ಹುಲಿ ಕಣ್ಣಿಟ್ಟು ನೋಡಿದರೆ ಮುಗಿಯಿತು. ಎರಡು ಮಾತಿನಲ್ಲಿ ಹೇಳಿ ಸರಿಪಡಿಸಬಹುದಾದ ದೋಷ. ಬ್ರಾವುಲಿಯೊ ಬಾಯಿ ತೆರೆದ. ಅಷ್ಟರಲ್ಲಿ ಬೇಲಿಯಾಚೆಯಿಂದ ಯಾರೋ, “ದೊಡ್ಡ ಲೀಗ್‌ನೋರೇ, ಒಂದು ಫೋಟೋ” ಎಂದು ಕೂಗಿದರು. ಬ್ರಾವುಲಿಯೊ ಬಾಯಿ ಮುಚ್ಚಿದ. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆ ಬರಲಿಲ್ಲ. ಬದಲಿಗೆ ಡಿಸೆಂಬರಿನಲ್ಲಿ ತಂಡದ ಮ್ಯಾನೇಜರ್ ಫಾಬಿಯಾನ್ ಇಬ್ಬರನ್ನೂ ಕೂರಿಸಿಕೊಂಡು ಸುದ್ದಿ ಹೇಳಿದ. ಅಮೆರಿಕದ ಕ್ಲಬ್ಬಿಗೆ ಬರುವ ಬೇಸಿಗೆಗೆ ಎಡಗೈಯವನೊಬ್ಬ ಬೇಕು, ಒಬ್ಬನೇ ಬೇಕು. ಹುಡುಗನೇ ಮನಸ್ಸಿನಲ್ಲಿದ್ದಾನೆ, ಅವನು ಕೈಕೊಟ್ಟರೆ ಹಳಬನಿಗೆ ಕೊನೆಯ ಅವಕಾಶ. ಜನವರಿಯಲ್ಲಿ ಅವರ ಮನುಷ್ಯ ಬಂದು ನೋಡಿ ತೀರ್ಮಾನಿಸುತ್ತಾನೆ. ಫಾಬಿಯಾನ್ ಬ್ರಾವುಲಿಯೊನ ಮುಖ ನೋಡದೆ ಇಷ್ಟು ಹೇಳಿ ಎದ್ದುಹೋದ.

ಆ ವಾರವೇ, ಅಂಗಳದಲ್ಲಿ ಡಾಮಿನೊ ಆಡುತ್ತ ಕೂತಿದ್ದಾಗ, ಒಸೀರಿಸ್ ಕೇಳಿದ: “ಭಾವ, ನಿನ್ನ ಕಣ್ಣು ಚೂಪು. ನನ್ನ ಎಸೆತದಲ್ಲಿ ಏನಾದ್ರೂ ಐಬು ಕಾಣತ್ತಾ?”

ಬ್ರಾವುಲಿಯೊ ಕೈಯಲ್ಲಿದ್ದ ಕಾಯಿಗಳನ್ನೇ ನೋಡುತ್ತ ಹೇಳಿದ: “ಏನೂ ಇಲ್ಲ. ಹಿಂಗೇ ಹಾಕ್ತಾ ಹೋಗು.”

ಹುಡುಗ ನಂಬಿದ. ನಂಬದಿರಲು ಅವನಿಗೆ ಕಾರಣವೇ ಇರಲಿಲ್ಲ. ಬ್ರಾವುಲಿಯೊನಿಗೆ ಅಂದು ನಾಚಿಕೆಯಾಯಿತೇ ಎಂದರೆ, ಆಯಿತು. ಆದರೆ ನಾಚಿಕೆಯ ಪಕ್ಕದಲ್ಲೇ ಸಣ್ಣದೊಂದು ಖುಷಿಯೂ ಕಾಲು ಮಡಚಿ ಕೂತಿತ್ತು, ಅದನ್ನೇಕೆ ಮುಚ್ಚಿಡುವುದು. ನನ್ನ ಹೊಟ್ಟೆ ನಾನು ನೋಡಿಕೊಳ್ಳಬೇಡವೇ ಎಂದು ತನಗೆ ತಾನೇ ವಕೀಲಿ ಮಾಡಿದ. ನೆರೇಯ್ದಾ, ಏನು ಒಬ್ಬರೇ ಗೊಣಗುತ್ತೀರಿ ಎಂದು ಕೇಳಿದ್ದಕ್ಕೆ ಸಿಡುಕಿದ.

ಜನವರಿಯ ಭಾನುವಾರ ಮಧ್ಯಾಹ್ನ ರಾಜಧಾನಿಯ ತಂಡದ ಮೇಲೆ ಆಟ. ಕ್ಲಬ್ಬಿನ ಮನುಷ್ಯ ಕರಿ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಮೊದಲ ಮೂರು ಸರದಿ ಒಸೀರಿಸನ ಚೆಂಡಿಗೆ ಯಾರೂ ಬ್ಯಾಟು ತಾಗಿಸಲಾಗಲಿಲ್ಲ. ನಾಲ್ಕನೆಯದರಲ್ಲಿ ಎದುರಾಳಿಗಳ ಮುದುಕ ಕೋಚೊಬ್ಬ ಬೆಂಚಿನಿಂದ ಎದ್ದು ಕಂಬಕ್ಕೆ ಒರಗಿ ನಿಂತ. ಐದನೆಯದರಲ್ಲಿ ಅವನ ಶಿಳ್ಳೆ ಶುರುವಾಯಿತು. ಗ್ಲೌಸು ಅರಳಿದಾಗ ಒಂದು ಶಿಳ್ಳೆ, ಮುಚ್ಚಿಕೊಂಡಿದ್ದರೆ ಮೌನ. ಶಿಳ್ಳೆ ಕೇಳಿದ ಬ್ಯಾಟುಗಾರ ಕಾದು ನಿಂತು ಚೆಂಡನ್ನು ಬೇಲಿಯ ಬುಡಕ್ಕೆ ಅಟ್ಟುತ್ತಿದ್ದ. ದೂರದಲ್ಲಿ, ಬದಲಿ ಪಿಚರುಗಳು ಕೂರುವ ಮೂಲೆಯಲ್ಲಿ ಬ್ರಾವುಲಿಯೊ ಎಲ್ಲವನ್ನೂ ತಿಳಿದು ಕೂತಿದ್ದ. ಆರನೆಯ ಸರದಿಗೆ ಊರ ತಂಡದ ನಾಲ್ಕು ಓಟದ ಮುನ್ನಡೆ ಒಂದಕ್ಕೆ ಇಳಿದು, ಮೂರು ಮೂಲೆಯಲ್ಲೂ ಎದುರಾಳಿಗಳು ಓಡಲು ತುದಿಗಾಲಲ್ಲಿ ನಿಂತಿದ್ದರು. ಔಟಾಗಿದ್ದವನು ಒಬ್ಬನೇ, ಇನ್ನಿಬ್ಬರನ್ನು ಕೆಡವಬೇಕು. ಫಾಬಿಯಾನ್ ಎಡಗೈಯನ್ನು ತಟ್ಟಿ ತೋರಿಸಿದ. ಅಂದರೆ ಬ್ರಾವುಲಿಯೊ ಬರಲಿ.

ಹತ್ತು ಎಸೆತ ಹಾಕಿ ಕೈ ಬಿಸಿ ಮಾಡಿಕೊಂಡು ಅವನು ಮೈದಾನದ ನಡುವಿನ ದಿಬ್ಬಕ್ಕೆ ನಡೆದ. ಹೋಗುವವನು ಬರುವವನ ಕೈಗೆ ಚೆಂಡು ಕೊಟ್ಟೇ ಇಳಿಯಬೇಕೆಂಬುದು ಫಾಬಿಯಾನನ ತಂಡದ ಕಟ್ಟಳೆ. ಹಾಗಾಗಿ ಒಸೀರಿಸ್ ಕಾಯುತ್ತಿದ್ದ. ಅವನು ಅಳುವ ಮುಖ ಮಾಡಿಕೊಂಡಿರುತ್ತಾನೆ, ಬೆನ್ನು ತಟ್ಟಿ ಕಳಿಸಬೇಕು ಎಂದು ಬ್ರಾವುಲಿಯೊ ಒಂದು ಸಮಾಧಾನದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದ.

ಒಸೀರಿಸ್ ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದ: “ಭಾವ, ನಿಧಾನದ ಚೆಂಡು ಹಿಡಿವಾಗ ನನ್ನ ಗ್ಲೌಸ್ ಅರಳತ್ತಂತೆ. ಅವರು ನೋಡ್ಬಿಟ್ಟಿದ್ದಾರೆ. ಇವಾಗ ತೀತೊ ಬಂದು ಹೇಳ್ದ.” ತೀತೊ ಎಂದರೆ ಮೂರನೇ ಮೂಲೆ ಕಾಯುವ ಆಟಗಾರ.

“ಹೌದಾ,” ಎಂದ ಬ್ರಾವುಲಿಯೊ.

“ನಿಂದೂ ಅರಳತ್ತೆ. ನೀನು ಅಲ್ಲಿ ಕೈ ಬಿಸಿ ಮಾಡ್ಕೋತಿದ್ದಾಗ ಇಲ್ಲಿಂದ ನೋಡ್ದೆ. ನಿನ್ನಿಂದಲೇ ಅಲ್ವಾ ನಾನು ಕಲ್ತಿದ್ದು. ಗ್ಲೌಸ್ ಒಳಗೆ ಹಾಕೋಕ್ ಮುಂಚೆನೇ ಬೆರಳು ಹೊಂದಿಸ್ಕೊ. ಆಮೇಲೆ ಹೊಟ್ಟೆಗೆ ಒತ್ತಿ ಹಿಡ್ಕೊ, ಕಾಣಲ್ಲ. ಹೋಗು ಭಾವ, ಆಗತ್ತೆ ನಿನ್ ಕೈಲಿ.” ಚೆಂಡನ್ನು ಅವನ ಕೈಗಿಟ್ಟು ಇಳಿದು ಹೋದ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನಿನ ಮಾತು ಬಿಡಿ, ಇದು ಹದಿಮೂರು ವರ್ಷ ಕಣ್ಣೆದುರಿಗೇ ಇದ್ದ ಕೈ. ಬ್ರಾವುಲಿಯೊ ದಿಬ್ಬದ ಮೇಲೆ ಮಣ್ಣು ಕೆದರುತ್ತ ನಿಂತ. ಮೊದಲೇ ಗೊತ್ತಿದ್ದವರಂತೆ ಕಾಯುತ್ತಿದ್ದ ಬ್ಯಾಟುಗಾರರಿಗೆ ನಿಜವಾಗಿಯೂ ಮೊದಲೇ ಗೊತ್ತಿತ್ತು. ಎದುರಾಳಿಗಳು ನೋಡಿದ್ದು ಅವರ ಕಸುಬು. ಜೊತೆಯವರು? ಒಂದೇ ಕೋಣೆಯಲ್ಲಿ ಮಲಗಿದವರು, ಅವನಿಗಿಂತ ಮುಂಚೆ ಮೇಲೆ ಹೋದ ಆ ಬಾಯಿಪಾಠದ ಹೆಸರುಗಳು? ಅವರಲ್ಲಿ ಯಾರೋ ಒಬ್ಬನಾದರೂ ಒಂದು ಬೆಳಿಗ್ಗೆ ಬೇಲಿಗೆ ಒರಗಿ ನೋಡಿರಬೇಕು. ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡಿರಬೇಕು.

ಬೆರಳು ಮೊದಲೇ ಹೊಂದಿಸಿದ. ಗ್ಲೌಸನ್ನು ಹೊಟ್ಟೆಗೆ ಒತ್ತಿದ. ಶಿಳ್ಳೆ ಬರಲಿಲ್ಲ. ಬ್ಯಾಟುಗಾರ ಗಾಳಿಗೆ ಬೀಸಿ, ಮುಗ್ಗರಿಸಿ, ಮಂಡಿಯೂರಿದ. ಬ್ರಾವುಲಿಯೊನ ನಿಧಾನದ ಚೆಂಡಿಗೆ ಒಬ್ಬ ಹೀಗೆ ಬೆಪ್ಪಾದದ್ದನ್ನು ಅವನೇ ನೋಡಿರಲಿಲ್ಲ. ಇಬ್ಬರು ಬಂದರು, ಇಬ್ಬರೂ ಮೂರು ಮೂರು ಸಲ ಗಾಳಿ ಹೊಡೆದು ಔಟಾಗಿ ಹೋದರು. ಜನ ಎದ್ದು ನಿಂತು ಅರಚಿದರು. ಉಳಿದ ಮೂರು ಸರದಿಯೂ ಅವನದೇ ಆಯಿತು. ಇಷ್ಟು ಸುಲಭವಿತ್ತೇ ಎಂದು ಅವನಿಗೆ ಪ್ರತಿ ಎಸೆತಕ್ಕೂ ಹೊಟ್ಟೆ ಉರಿಯಿತು. ಈ ಸಲ ಉರಿದದ್ದು ತನ್ನದೇ ಕಳೆದುಹೋದ ಪ್ರಾಯದ ಮೇಲೆ.

ಆಟ ಮುಗಿದಾಗ ಕರಿ ಕನ್ನಡಕದವನು ಬಂದು, ಇಷ್ಟು ವರ್ಷ ಈ ಚೆಂಡನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಕೇಳಿ, ಫೆಬ್ರವರಿಗೆ ಹೊರಟು ಬಾ ಎಂದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಸೀರಿಸ್ ಅವನನ್ನು ತಬ್ಬಿ ಎತ್ತಿಯೇ ಬಿಟ್ಟ. ತನ್ನ ಜಾಗ ಹೋಯಿತೆಂಬ ದುಃಖ ಮುಖದಲ್ಲಿ ಇತ್ತು, ಅದರ ಮೇಲೂ ನಕ್ಕ. ಆಮೇಲೆ ಪಕ್ಕದಲ್ಲಿ ಕೂತು ಹೇಳಿದ: “ಹದಿಮೂರು ವರ್ಷ, ಭಾವ. ಜೊತೇಲಿ ಆಡ್ದೋರು ನೋಡ್ಕೊಂಡು ಸುಮ್ನಿದ್ರಲ್ಲ, ಎಂಥಾ ಪಾಪಿಗಳು ಅವರು.”

ಬ್ರಾವುಲಿಯೊ ಶೂ ಬಿಚ್ಚುತ್ತಿದ್ದವನು ನಿಲ್ಲಿಸಿದ. ತೆಪ್ಪಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ಉಣ್ಣಲು ಅವನಿಂದಾಗುತ್ತಿರಲಿಲ್ಲ.

“ನಿಂದು ನಾನು ನವೆಂಬರ್‌ನಲ್ಲೇ ನೋಡಿದ್ದೆ,” ಎಂದ.

ಒಸೀರಿಸ್ ಅವನ ಕಡೆ ತಿರುಗಿದ. “ನಾನು ಕೇಳ್ದೆ ನಿನ್ನ,” ಎಂದ.

“ಕೇಳ್ದೆ.”

ಹುಡುಗ ಬೈಯಲಿಲ್ಲ. ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಎದ್ದ. “ಅಕ್ಕನಿಗೆ ಹೇಳ್ಬೇಡ,” ಎಂದಷ್ಟೇ ಹೇಳಿ ಹೋದ.

ಆ ಮೇ ತಿಂಗಳಲ್ಲಿ ಬ್ರಾವುಲಿಯೊ ದೊಡ್ಡ ಲೀಗಿನಲ್ಲಿ ಹತ್ತೊಂಬತ್ತು ದಿನ ಆಡಿದ. ಇಪ್ಪತ್ತನೆಯ ದಿನ ಭುಜ ಕೈಕೊಟ್ಟಿತು. ಮರಳಿ ಬಂದಾಗ ಕೇರಿ ಬೀದಿಗೆ ಬಂದಿತ್ತು. ಡಮಾಸೊ ಹತ್ತೊಂಬತ್ತು ದಿನವೆಂದರೆ ಸಾಮಾನ್ಯವಲ್ಲ ಎಂದು ಒಪ್ಪಿಕೊಂಡ. ಮಕ್ಕಳು ಮರಿ ಎಲ್ಲರ ಬಾಯಲ್ಲೂ ಅವನೀಗ ದೊಡ್ಡ ಲೀಗಿನೋರು. ಒಸೀರಿಸ್ ಗ್ಲೌಸು ಮುಚ್ಚುವುದನ್ನು ಕಲಿತು, ಮರುವರ್ಷ ಮೇಲೆ ಹೋಗಿ ಒಂಬತ್ತು ವರ್ಷ ಅಲ್ಲೇ ನೆಲೆಯೂರಿದ.

ಪ್ರತಿ ಚಳಿಗಾಲ ಅವನು ಅಕ್ಕನ ಮನೆಗೆ ಬರುತ್ತಾನೆ. ಭಾವನಿಗೆಂದು ಒಳ್ಳೆಯ ಶರ್ಟು ತರುತ್ತಾನೆ, ಹೊಸ್ತಿಲಲ್ಲಿ ಟೋಪಿ ತೆಗೆದು ನಿಲ್ಲುತ್ತಾನೆ. “ದೊಡ್ಡ ಲೀಗ್‌ನೋರೇ, ಚೆನ್ನಾಗಿದ್ದೀರಾ?” ಎಂದು ಬಹುವಚನದಲ್ಲಿ ಕೇಳುತ್ತಾನೆ. ನನ್ನ ತಮ್ಮನಿಗೆ ನಿಮ್ಮ ಮೇಲೆ ಎಷ್ಟು ಗೌರವ ನೋಡಿ ಎಂದು ನೆರೇಯ್ದಾ ಹೆಮ್ಮೆ ಪಡುತ್ತಾಳೆ. ಬ್ರಾವುಲಿಯೊ ಹೌದೆನ್ನುತ್ತಾನೆ. ಅವನನ್ನು ಭಾವ ಎಂದು ಕರೆಯಲು ಆ ಕೇರಿಯಲ್ಲಿ ಬೇರೆ ಯಾರೂ ಇಲ್ಲ.