ಕೂಗದೇ ಬಿಟ್ಟ ನಿಲ್ದಾಣ

ನಮ್ಮ ಕಡೆ ಗಂಡ ಹೆಂಡತಿ ಮನೆಯ ಹೊರಗೆ ಜಗಳವಾಡುವಂತೆಯೇ ಇಲ್ಲ. ನಮ್ಮ ಕಡೆ ಎಂದರೆ ನ್ಯೂಜೆರ್ಸಿಯ ಹಿಲ್ಸ್‌ಬರೋ. ಬೆಳಗಿನ ಟ್ರೈನಿನಲ್ಲಿ ಹಿಂದಿನ ಸೀಟಿನಲ್ಲಿ ಧಾರವಾಡದವರು ಕೂತಿರುತ್ತಾರೆ, ಮುಂದಿನ ಸೀಟಿನಲ್ಲಿ ಬಸವನಗುಡಿಯವರು. ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಾ ‘ನಿಮಗೆ ಬುದ್ಧಿ ಇದೆಯೇನ್ರೀ’ ಎಂದು ಪಿಸುಗುಟ್ಟಿದರೂ ಬೆಂಡೆಕಾಯಿಯ ಕಡೆಯಿಂದ ಯಾರೋ ಆಂಟಿ ತಲೆಯೆತ್ತಿ ನಗುತ್ತಾರೆ. ಹಾಗಾಗಿ ನಮ್ಮ ಜಗಳಗಳೆಲ್ಲ ಕಾರಿನಲ್ಲಿ, ಗಾಜು ಏರಿಸಿಕೊಂಡು, ಪಾರ್ಕಿಂಗ್ ಸಿಗುವಷ್ಟರಲ್ಲಿ ಮುಗಿಯಬೇಕಿತ್ತು. ಮುಗಿಯದೆ ಉಳಿದದ್ದೆಲ್ಲ ಎಲ್ಲಿಗೂ ಹೋಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಜಪಾನಿನಲ್ಲಿ.

ಜಪಾನು ನನ್ನ ಆಸೆಯಲ್ಲ, ನನ್ನ ಗಂಡನದು. ಇಪ್ಪತ್ತೆರಡು ವರ್ಷ ದಿನಾ ಹೋಬೋಕನ್‌ಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡಿದ ಮನುಷ್ಯನಿಗೆ ಟ್ರೈನ್ ಕಂಡರೆ ವಾಕರಿಕೆ ಬರಬೇಕು. ಇವರಿಗೆ ಉಲ್ಟಾ. ರಾತ್ರಿ ಊಟಕ್ಕೆ ಕೂತಾಗ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟುಕೊಂಡು ಜಪಾನಿನ ಹಳ್ಳಿ ರೈಲಿನ ವಿಡಿಯೋ ನೋಡುವರು. ಒಂದೇ ಒಂದು ಬೋಗಿ ಗದ್ದೆಗಳ ನಡುವೆ ಹೋಗುತ್ತಲೇ ಇರುತ್ತದೆ. ಮಾತಿಲ್ಲ, ಹಾಡಿಲ್ಲ, ಹಳಿಯ ಸದ್ದು ಮಾತ್ರ.

“ಇದರಲ್ಲಿ ಏನ್ರೀ ಆಗತ್ತೆ?” ಎಂದು ಕೇಳಿದ್ದೆ.

“ಏನೂ ಆಗಲ್ಲ. ಅದೇ ಚೆನ್ನಾಗಿರೋದು.”

ಮಗಳು ಬಾಸ್ಟನ್ನಿನಲ್ಲಿ ಓದುತ್ತಿದ್ದಾಳೆ. ಅಪ್ಪನ ಈ ಹುಚ್ಚು ನೋಡಿ ಅವಳೇ ಕೂತು ನವೆಂಬರಿಗೆ ಎರಡು ವಾರದ ಟ್ರಿಪ್ ಪ್ಲಾನ್ ಮಾಡಿ, ಹೋಟೆಲು, ಟಿಕೆಟ್ಟು ಎಲ್ಲ ಬುಕ್ ಮಾಡಿ ಕೊಟ್ಟಳು. ಅದಾಗಿ ಎರಡು ತಿಂಗಳಿಗೆ, ಆಗಸ್ಟಿನ ಒಂದು ಭಾನುವಾರ, ನಾನು ದೋಸೆ ಹುಯ್ಯುತ್ತಿದ್ದಾಗ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಾನು ಬೇರೆ ಇರೋಣ ಅಂದ್ಕೊಂಡಿದೀನಿ ಕಣೇ” ಎಂದರು.

“ಬೇರೆ ರೂಮಲ್ಲಾ? ನನ್ನ ಗೊರಕೆಗಾ?” ಎಂದೆ.

“ಅಲ್ಲ. ಬೇರೆ ಮನೇಲಿ.”

ದೋಸೆ ಸೀದುಹೋಯಿತು. ಇನ್ನೊಬ್ಬಳು ಇದ್ದಾಳಾ ಎಂದು ಕೇಳಿದೆ. ಇಲ್ಲ ಎಂದರು, ಅದು ನಿಜವೂ ಆಗಿತ್ತು. ಇದ್ದಿದ್ದರೆ ಬೈಯಲು ಒಬ್ಬಳಾದರೂ ಸಿಗುತ್ತಿದ್ದಳು. ಲಾಯರ್ ಕೊಟ್ಟ ಕಾಗದಗಳನ್ನು ನನ್ನ ಡ್ರಾಯರಿನಲ್ಲಿ ಇಟ್ಟು, “ನೀನು ಒಪ್ಪಿದರೆ ಮಾತ್ರ. ಜಪಾನಿಂದ ಬಂದ ಮೇಲೆ ಹೇಳು” ಎಂದರು. ಟ್ರಿಪ್ ಕ್ಯಾನ್ಸಲ್ ಮಾಡಿದರೆ ಮಗಳಿಗೆ ಕಾರಣ ಹೇಳಬೇಕಿತ್ತು. ಇಬ್ಬರಿಗೂ ಆ ಧೈರ್ಯ ಇರಲಿಲ್ಲ. ಅವಳು ಫೋನಿನಲ್ಲಿ “You guys are so cute” ಎಂದು ನಗುತ್ತಿದ್ದಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ: ಎರಡು ವಾರ ಆಫೀಸು, ಟೀವಿ ಏನೂ ಇಲ್ಲದೆ ಜೊತೆಗೆ ಇದ್ದರೆ ಈ ಮನುಷ್ಯ ಮನಸ್ಸು ಬದಲಾಯಿಸಿಯಾರು. ಅದಕ್ಕೇ ಹೋದೆ.

ಅಲ್ಲಿಯ ಹಳ್ಳಿ ರೈಲಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಒಬ್ಬ ಡ್ರೈವರ್ ಅಷ್ಟೇ. ಹಿಂದಿನ ಬಾಗಿಲಲ್ಲಿ ಹತ್ತಬೇಕು. ಬಾಗಿಲ ಪಕ್ಕದ ಡಬ್ಬಿಯಿಂದ ಒಂದು ಪುಟ್ಟ ಚೀಟಿ ಹೊರಗೆ ಬಂದಿರುತ್ತದೆ, ನಾವು ಹತ್ತಿದ ಸ್ಟೇಷನ್ನಿನ ನಂಬರು ಅದರ ಮೇಲೆ. ಇಳಿಯುವಾಗ ಮುಂದಿನ ಬಾಗಿಲಿಗೆ ಹೋಗಿ, ಡ್ರೈವರ್ ಪಕ್ಕದ ಡಬ್ಬಿಗೆ ಆ ಚೀಟಿಯನ್ನೂ ದುಡ್ಡನ್ನೂ ಹಾಕಬೇಕು. ಮೊದಲ ದಿನ ಇವರು ಚೀಟಿ ತೆಗೆದುಕೊಳ್ಳುವುದನ್ನೇ ಮರೆತು ಕಿಟಕಿಯ ಹತ್ತಿರ ಓಡಿದರು. ಅಂದಿನಿಂದ ಇಬ್ಬರ ಚೀಟಿಯೂ ನಾನೇ ತೆಗೆದುಕೊಳ್ಳುತ್ತಿದ್ದೆ. ಇಬ್ಬರ ಪಾಸ್‌ಪೋರ್ಟ್, ಇವರ ಬಿಪಿ ಮಾತ್ರೆ, ಚಾರ್ಜಿಗೆ ಹಾಕಿದ ಇವರ ಫೋನು, ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು ಎಲ್ಲ ನನ್ನ ಬ್ಯಾಗಿನಲ್ಲೇ. ಅಂಗಡಿಯಲ್ಲಿ ಬಿಸಿ ಅನ್ನದ ಡಬ್ಬಿ ಸಿಗುತ್ತಿತ್ತು, ಗೊಜ್ಜು ಕಲಸಿ ಸ್ಟೇಷನ್ನಿನ ಬೆಂಚಿನ ಮೇಲೆ ತಿನ್ನುವೆವು. ಕಡಲೆಕಾಯಿ ಬೀಜ ಮೆತ್ತಗಾಯಿತು ಎಂದು ನಾನು ಕೊರಗುತ್ತಿದ್ದರೆ ಇವರು ಬೆಟ್ಟ ನೋಡುತ್ತಿದ್ದರು. ಬೆಟ್ಟವೆಲ್ಲ ಕೆಂಪಾಗಿತ್ತು. ಇಷ್ಟು ಒಳ್ಳೆಯ ಜಾಗಕ್ಕೆ ಇಂಥ ಹೊತ್ತಿನಲ್ಲೇ ಬರಬೇಕಿತ್ತೇ ಎಂದು ಹೊಟ್ಟೆ ಉರಿಯುತ್ತಿತ್ತು.

ಆರನೆಯ ದಿನವೋ ಏಳನೆಯ ದಿನವೋ, ಬೆಳಿಗ್ಗೆ. ಬೋಗಿಯಲ್ಲಿ ನಮ್ಮನ್ನು ಬಿಟ್ಟರೆ ಐದಾರು ಜನ, ಎದುರಿಗೆ ಊರುಗೋಲು ಹಿಡಿದ ಒಬ್ಬ ಅಜ್ಜಿ. ಉಸಿರಾಡುವುದೂ ಕೇಳಿಸುವಷ್ಟು ನಿಶ್ಶಬ್ದ. ನಾನು ಇವರ ಮಫ್ಲರ್ ಸರಿಮಾಡಲು ಹೋದೆ. ಇವರು ಕೈ ತಳ್ಳಿದರು.

“ಬಿಡೇ ಸಾಕು!”

ಎಷ್ಟು ಜೋರಾಗಿ ಎಂದರೆ ನನಗೇ ಗಾಬರಿಯಾಗಿ ಅಭ್ಯಾಸಬಲದಿಂದ ಹಿಂದೆ ಮುಂದೆ ನೋಡಿದೆ. ಆಗ ಹೊಳೆಯಿತು, ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಇವರಿಗೂ ಹೊಳೆಯಿತೆಂದು ಕಾಣುತ್ತದೆ. ಅಣೆಕಟ್ಟಿನ ಗೇಟು ತೆಗೆದ ಹಾಗೆ ಇಬ್ಬರೂ ಶುರುಮಾಡಿದೆವು.

“ಇಪ್ಪತ್ತಾರು ವರ್ಷದಿಂದ ನಾನು ನಿನ್ನ ಹ್ಯಾಂಡ್‌ಬ್ಯಾಗಲ್ಲಿರೋ ಇನ್ನೊಂದು ಸಾಮಾನು ಕಣೇ! ಯಾವಾಗ ತಿನ್ಬೇಕು, ಯಾವ ಶರ್ಟ್ ಹಾಕ್ಬೇಕು, ಎಲ್ಲಿ ಇಳೀಬೇಕು, ಎಲ್ಲಾ ನೀನೇ!”

“ಬ್ಯಾಗ್ ಹೊತ್ತೋಳಿಗೆ ಭುಜ ನೋಯತ್ತಾ ಅಂತ ಯಾವತ್ತಾದ್ರೂ ಕೇಳಿದ್ರಾ? ನಾನು ಕೂಗದೇ ಇದ್ದಿದ್ರೆ ನೀವು ಒಂದು ದಿನ ಆದ್ರೂ ಟೈಮಿಗೆ ಸರಿಯಾಗಿ ಮನೆ ಬಿಟ್ಟಿದೀರಾ?”

“ಕೂಗ್ಬೇಡ ಹಾಗಾದ್ರೆ! ಒಂದು ಸಲ ಕೂಗ್ದೆ ಇದ್ದು ನೋಡು!”

ಎದುರಿನ ಅಜ್ಜಿ ಎದ್ದು, ಕೈಚೀಲದಿಂದ ಎರಡು ಕಿತ್ತಳೆ ಹಣ್ಣು ತೆಗೆದು, ಒಂದು ನನ್ನ ತೊಡೆಯ ಮೇಲೆ, ಇನ್ನೊಂದು ಇವರ ತೊಡೆಯ ಮೇಲೆ ಇಟ್ಟು ವಾಪಸ್ ಹೋಗಿ ಕೂತಳು. ಒಂದು ಪದ ಅರ್ಥವಾಗದೆಯೂ ಅವಳಿಗೆ ಎಲ್ಲ ಅರ್ಥವಾಗಿತ್ತು. ನಾಚಿಕೆಯಿಂದ ಸತ್ತೇಹೋದೆ. ಇವರು ತಮ್ಮ ಹಣ್ಣನ್ನು ನನ್ನ ಬ್ಯಾಗಿಗೇ ಹಾಕಿದರು, ನೋಡಿ ಬೇಕಾದರೆ.

ಮುಂದಿನ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಎದುರಿನಿಂದ ಬರುವ ರೈಲಿಗಾಗಿ ಕಾಯಬೇಕಿತ್ತು, ಒಂಟಿ ಹಳಿ. ಇವರು ಜೇಬಿನಲ್ಲಿದ್ದ ಚಿಲ್ಲರೆ ಕುಲುಕಿಕೊಂಡು, “ಕಾಫಿ ತಗೊಂಡು ಬರ್ತೀನಿ” ಎಂದು ಡ್ರೈವರಿಗೆ ಸನ್ನೆ ಮಾಡಿ ಇಳಿದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಿಸಿ ಕಾಫಿಯ ಡಬ್ಬ ಉದುರಿಸುವ ಮಷೀನು ಇತ್ತು. ಎದುರಿನ ರೈಲು ಬಂತು. ಇವರು ಡಬ್ಬ ಕೈಯಲ್ಲಿ ಹಿಡಿದು, ಬೆನ್ನು ಹಾಕಿ, ಸ್ಟೇಷನ್ನಿನ ಹಿಂದಿನ ಒಂದು ಮನೆಯನ್ನು ನೋಡುತ್ತಾ ನಿಂತಿದ್ದರು. ‘ರೀ, ಬನ್ರೀ, ಹೊರಡತ್ತೆ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಕೂಗಲಿಲ್ಲ. ಬೇಕೆಂದೇ ಕೂಗಲಿಲ್ಲ. ನೋಡೋಣ, ಒಂದು ಸಲವಾದರೂ ತಾವಾಗಿ ಬರಲಿ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಬಾಗಿಲು ಮುಚ್ಚಿತು. ರೈಲು ಹೊರಟಿತು. ಆಮೇಲೆ ಕೂಗಿದೆ, ಗಾಜಿಗೆ ಕೈ ಬಡಿದು “ರೀ! ರೀ!” ಎಂದು ಬೋಗಿ ನಡುಗುವಂತೆ ಕೂಗಿದೆ. ಅವರು ತಿರುಗಿ ನೋಡಿದರು, ಅಷ್ಟೇ.

ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವಾಗ ಡ್ರೈವರಿಗೆ ಎರಡು ಚೀಟಿ ತೋರಿಸಿ, ಎರಡು ಬೆರಳು ತೋರಿಸಿ, ಹಿಂದಕ್ಕೆ ಕೈ ತೋರಿಸಿ ಅತ್ತುಬಿಟ್ಟೆ. ಪಾಪ, ಅವನಿಗೆ ತಿಳಿಯಿತು. ನನ್ನ ಚೀಟಿಯನ್ನು ಡಬ್ಬಿಗೆ ಹಾಕಿಸಿ, ಇವರ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟ. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಮುಂದಿನ ರೈಲಿನ ಹೊತ್ತನ್ನು ಬೆರಳಿಟ್ಟು ತೋರಿಸಿದ. ಅದಕ್ಕೆ ಇನ್ನೂ ಎರಡು ಗಂಟೆಗೂ ಹೆಚ್ಚು ಹೊತ್ತಿತ್ತು.

ಮನುಷ್ಯರಿಲ್ಲದ ಸ್ಟೇಷನ್. ಒಂದು ಕೋಣೆ, ಒಂದು ಬೆಂಚು, ಬೆಂಚಿಗೆ ದಾರದಿಂದ ಕಟ್ಟಿದ ಒಂದು ನೋಟ್‌ಬುಕ್ಕು. ಬಂದು ಹೋದವರು ಏನಾದರೂ ಬರೆದಿಡಲಿ ಎಂದು ಅಲ್ಲಿ ಇಟ್ಟಿರುತ್ತಾರೆ. ಇವರ ಫೋನು ನನ್ನ ಬ್ಯಾಗಿನಲ್ಲಿ. ಪಾಸ್‌ಪೋರ್ಟು ನನ್ನ ಬ್ಯಾಗಿನಲ್ಲಿ. ಮಧ್ಯಾಹ್ನದ ಮಾತ್ರೆಯೂ ನನ್ನ ಬ್ಯಾಗಿನಲ್ಲೇ. ತಲೆ ಸುತ್ತಿ ಬಿದ್ದರೆ? ಭಾಷೆ ಬರದ ಊರಿನಲ್ಲಿ ಯಾರನ್ನು ಕೇಳುತ್ತಾರೆ? ಕೂತೆ, ಎದ್ದೆ, ಹಳಿ ನೋಡಿದೆ, ಮತ್ತೆ ಕೂತೆ. ಕೊನೆಗೆ ಆ ನೋಟ್‌ಬುಕ್ಕು ತೆಗೆದು ಕನ್ನಡದಲ್ಲಿ ಬರೆಯತೊಡಗಿದೆ. ಮೊದಲ ಅರ್ಧ ಪುಟ ಬರೀ ಬೈಗುಳ. ಆಮೇಲೆ, ಬೇಕೆಂದೇ ಕೂಗಲಿಲ್ಲ, ನನ್ನದು ತಪ್ಪಾಯಿತು ಎಂದು ಬರೆದೆ. ನಿಮ್ಮನ್ನು ನೋಡಿಕೊಳ್ಳುವುದು ಬಿಟ್ಟು ಪ್ರೀತಿ ತೋರಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ, ನಮ್ಮಮ್ಮನಿಗೂ ಗೊತ್ತಿರಲಿಲ್ಲ ಎಂದು ಬರೆದೆ. ಬೇಡ ಅನ್ನಬೇಡಿ, ನನ್ನ ಬಿಟ್ಟು ಹೋಗಬೇಡಿ ಎಂದು ಬರೆದೆ. ಬಾಯಿಬಿಟ್ಟು ಒಂದು ದಿನವೂ ಹೇಳದ ಮಾತುಗಳು. ಅವರು ಬಂದ ತಕ್ಷಣ ಈ ಪುಟ ಮುಂದೆ ಹಿಡಿಯುತ್ತೇನೆ, ಓದಲಿ, ಎಂದುಕೊಂಡೆ.

ರೈಲು ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಶಾಲು ಬೀಸುತ್ತಾ ಹುಚ್ಚಿಯ ಹಾಗೆ ಓಡಿದೆ. ನಾನು ಸುಮ್ಮನೆ ಹತ್ತಿಕೊಂಡಿದ್ದರೆ ಸಾಕಿತ್ತು. ನನ್ನ ಅವತಾರ ನೋಡಿ ಏನೋ ಅನಾಹುತವಾಗಿದೆ ಎಂದು ಅವರೇ ಇಳಿದರು. ರೈಲು ಹೋಯಿತು. ಈಗ ಇಬ್ಬರೂ ಅಲ್ಲೇ.

ಅವರು ನಗುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ನಗುತ್ತಿದ್ದರು.

“ನೋಡು, ಚೀಟಿ ನಾನೇ ತಗೊಂಡೆ. ನಾನೇ ಡಬ್ಬಿಗೆ ಹಾಕ್ದೆ. ಜೇಬಲ್ಲಿ ಚಿಲ್ಲರೆ ಇತ್ತಲ್ಲ, ಸರಿಹೋಯ್ತು” ಎಂದರು. ಐವತ್ತೈದು ವರ್ಷದ ಗಂಡಸು, ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ಸ್ಟೇಷನ್ನಿನ ಹಿಂದಿನ ಮನೆಯಲ್ಲಿ ಒಬ್ಬ ಮುದುಕ ಪರ್ಸಿಮನ್ ಹಣ್ಣು ಸುಲಿದು, ದಾರಕ್ಕೆ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದನಂತೆ. ಹಸಿಯಾಗಿ ತಿಂದರೆ ಬಾಯೆಲ್ಲ ಒಗರಂತೆ, ಒಣಗಿದರೆ ಬೆಲ್ಲವಂತೆ. ಇವರು ಬೇಲಿಯ ಹತ್ತಿರ ನಿಂತದ್ದು ನೋಡಿ ಕರೆದು, ಕೈಗೆ ಚಾಕು ಕೊಟ್ಟನಂತೆ.

“ನಲವತ್ತು ಹಣ್ಣು ಸುಲಿದೆ ಕಣೇ! ಮೊದಲನೆಯದು ಚಿಂದಿ ಮಾಡ್ದೆ, ಮುದುಕ ಏನೂ ಅನ್ನಲಿಲ್ಲ. ಸುಮ್ನೆ ಇನ್ನೊಂದು ಕೊಟ್ಟ.”

ಉಗುರೆಲ್ಲ ಕಪ್ಪಾಗಿತ್ತು. ನನ್ನ ಅಡುಗೆಮನೆಯಲ್ಲಿ ಇವರು ಒಂದು ಈರುಳ್ಳಿ ಹೆಚ್ಚಿದವರಲ್ಲ. ಹೆಚ್ಚಲು ಬಂದರೆ ‘ಕೆಡಿಸ್ತೀರ, ಬಿಡಿ’ ಎಂದು ಚಾಕು ಕಿತ್ತುಕೊಂಡವಳು ನಾನು.

ಮುದುಕ ಕೊಟ್ಟ ಒಣ ಹಣ್ಣುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದರು. ಇಡಲು ಜಾಗ ಬೇಕಲ್ಲ, ಬೆಂಚಿನ ಮೇಲೆ ತೆರೆದಿದ್ದ ನೋಟ್‌ಬುಕ್ಕನ್ನು ನೋಡದೆಯೇ ಪಕ್ಕಕ್ಕೆ ಸರಿಸಿ ಪೊಟ್ಟಣ ಇಟ್ಟರು. ಆ ಪುಟ ಓದಬಲ್ಲವರು ಆ ಊರಿನಲ್ಲಿ ಅವರೊಬ್ಬರೇ ಇದ್ದರು. ನಾನೂ ತೋರಿಸಲಿಲ್ಲ. ಮುದುಕನ ನಾಯಿಯ ಬಗ್ಗೆ, ಅವನ ಮನೆಯ ಒಲೆಯ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೀಗೆ ಮಾತಾಡುತ್ತಿದ್ದರು. ಆಮೇಲೆ ಯಾವಾಗ ನಿಂತಿತು ಎಂದು ನನಗೆ ನೆನಪೇ ಇಲ್ಲ.

ನಾನು ಎರಡು ಗಂಟೆ ಸತ್ತು ಬದುಕಿದ್ದೆ. ಅವರು ಎರಡು ಗಂಟೆ ಸುಖವಾಗಿದ್ದರು. ಬಿಪಿ ಮಾತ್ರೆಯ ನೆನಪೂ ಆಗಿರಲಿಲ್ಲ.

ಬ್ಯಾಗಿನಿಂದ ಅಜ್ಜಿ ಕೊಟ್ಟ ಕಿತ್ತಳೆ ತೆಗೆದು ಕೈಗೆ ಕೊಟ್ಟೆ. ಸುಲಿದು ಕೊಡಲಿಲ್ಲ.

“ಊರಿಗೆ ಹೋದ ಮೇಲೆ ಸೈನ್ ಮಾಡ್ತೀನಿ ರೀ” ಎಂದೆ.

ಅವರ ನಗು ನಿಂತಿತು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, “ಥ್ಯಾಂಕ್ಸ್ ಕಣೇ” ಎಂದರು. ಅವರೂ ಅತ್ತರು. ಇಪ್ಪತ್ತಾರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬಂದ ಮೊದಲ ಥ್ಯಾಂಕ್ಸು ಅದು. ಮುಂದಿನ ರೈಲು ಬಂದಾಗ ಇಬ್ಬರೂ ಒಂದೊಂದೇ ಚೀಟಿ ತೆಗೆದುಕೊಂಡು ಹತ್ತಿದೆವು.

ಈಗ ಅವರು ಹೋಬೋಕನ್‌ನಲ್ಲಿ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಸಾರು ಮಾಡುವುದು ಕಲಿತಿದ್ದಾರೆ, ಮಗಳು ಫೋಟೋ ತೋರಿಸಿದಳು. ಬಣ್ಣ ಚೆನ್ನಾಗಿಯೇ ಇತ್ತು. ಸ್ನೇಹಿತೆಯರು ಬಂದಾಗ ನಾನೂ ಗಟ್ಟಿಯಾಗಿಯೇ ಮಾತಾಡುತ್ತೇನೆ, ನಗುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮಾತ್ರ, ಅವರು ಮನೆ ಬಿಡುತ್ತಿದ್ದ ಹೊತ್ತಿಗೆ, ಮೆಟ್ಟಿಲ ಕೆಳಗೆ ನಿಂತು ಬಾಯಿ ತೆರೆದುಬಿಡುತ್ತೇನೆ. ಮೇಲೆ ಯಾರೂ ಇರುವುದಿಲ್ಲ.

ಮಗಳಿಗೆ ಆ ಸ್ಟೇಷನ್ನಿನ ಕಥೆಯನ್ನೆಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, “Amma, he had already left. It wasn’t the train” ಎಂದಳು.

ಹೌದು ಮಗು, ನನಗೂ ಗೊತ್ತು. ಆದರೂ ಕೂಗಬೇಕಿತ್ತು.