ಬ್ಯಾಕ್ಟೀರಿಯಾಕ್ಕೆ ಅಂಟಿಸಿದ ಉಂಡೆ

ಶಾಲೆಗಳಿಗೆ ಪ್ಲಾಸ್ಟಿಕ್ ಮಾದರಿ ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬಿಎಸ್ಸಿ ಎಂದೇ ಕರೆಯುತ್ತಿದ್ದರು. ಮೂರನೇ ದರ್ಜೆಯಲ್ಲಿ ಪಾಸಾಗಿ, ಮೂತ್ರಪಿಂಡಗಳಿಗೆ ಬಣ್ಣ ಬಳಿಯಲು ಸೇರಿದವನನ್ನು ಹಾಗೆ ಕರೆಯುವುದರಲ್ಲಿ ಗೌರವಕ್ಕಿಂತ ಕೀಟಲೆಯೇ ಹೆಚ್ಚಿತ್ತು. ಅವನೂ ಜೊತೆಗೆ ನಗುತ್ತಿದ್ದ. ವಿಜ್ಞಾನಕ್ಕೆ ತನ್ನಿಂದಾಗುವ ಸೇವೆಯೆಂದರೆ ಗೆರೆ ದಾಟದಂತೆ ಬಣ್ಣ ಹಚ್ಚುವುದು ಎಂದು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದ.

ಆಗ ಬ್ಯಾಕ್ಟೀರಿಯಾ ಮಾದರಿಗೆ ದೊಡ್ಡ ಆರ್ಡರ್ ಬಂತು. ಅದು ಸುಸೂತ್ರವಾಗಿ ಮುಗಿದರೆ ಅವನನ್ನು ಕಾಯಂ ಮಾಡುವುದಾಗಿ ಯಜಮಾನರು ಮಾತು ಕೊಟ್ಟರು. ಅವನು ಮನಸ್ಸಿಟ್ಟು ಕೂತ. ಹೊರಗೆ ಲೋಳೆಯ ಹೊದಿಕೆ, ಅದರೊಳಗೆ ಗಟ್ಟಿ ಕೋಶಭಿತ್ತಿ, ಭಿತ್ತಿಗಂಟಿದ ತೆಳು ಪೊರೆ. ಈಜಲು ಬಾಲ, ಕಚ್ಚಿಕೊಳ್ಳಲು ಮೈತುಂಬ ರೋಮ. ಒಳಗೆ ಸಾಸಿವೆ ಚೆಲ್ಲಿದಂತೆ ರೈಬೋಸೋಮುಗಳು. ನಡುವೆ ಡಿಎನ್‌ಎ, ಸುತ್ತ ಪೊರೆಯಿಲ್ಲ ಗಿರೆಯಿಲ್ಲ, ಸಿಕ್ಕುಬಿದ್ದ ನೂಲಿನ ಹಾಗೆ.

ಯಜಮಾನರು ನೋಡಿ ಮೂಗು ಮುರಿದರು. "ಏನಯ್ಯಾ ಬಿಎಸ್ಸಿ, ನಡುವೆ ಭಣಭಣ ಅಂತಿದೆ. ಪ್ರಾಣಿಕೋಶದ ನ್ಯೂಕ್ಲಿಯಸ್ ಉಂಡೆ ಒಂದು ಮೂಟೆ ಬಿದ್ದಿದೆ, ಅಂಟಿಸು."

"ಇದಕ್ಕೆ ನ್ಯೂಕ್ಲಿಯಸ್ ಇರಲ್ಲ ಸಾರ್. ಅದಿಲ್ದೇ ಇರೋದಕ್ಕೇ ಇದು ಬ್ಯಾಕ್ಟೀರಿಯಾ."

"ನೀನು ಒಳಗೆ ಹೋಗಿ ನೋಡ್ಕೊಂಡು ಬಂದ್ಯಾ? ಕೊಳ್ಳೋರಿಗೆ ಮೈಕೈ ತುಂಬಿದ ಹಾಗೆ ಕಾಣ್ಬೇಕು. ಕಾಯಂ ಆಗೋ ಯೋಚನೆ ಇದೆಯೋ ಇಲ್ವೋ?"

ಯೋಚನೆ ಇತ್ತು. ಅವನು ಅಂಟಿನ ಡಬ್ಬಿ ತೆರೆದ. ಮೊದಲನೇ ಕೆಂಪು ಉಂಡೆ ಎರಡು ಸಲ ಕಿತ್ತು ಮತ್ತೆ ಅಂಟಿಸಿದ; ಆಮೇಲಿನವು ಸರಾಗವಾಗಿ ಕೂತವು.

ಮಾದರಿಗಳು ಹೋದವು. ಯಾರಾದರೂ ವಾಪಸ್ ಕಳಿಸಿ ಬೈದಾರೆಂದು ಒಳಗೊಳಗೇ ಆಸೆಪಟ್ಟಿದ್ದ; ಒಂದೂ ತಿರುಗಿ ಬರಲಿಲ್ಲ. ಅವನು ಕಾಯಂ ಆದ.

ಒಂದು ಸಂಜೆ ತಂಗಿ ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದಳು. ಮನೆಯಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವನು ಅವನೇ.

"ಬ್ಯಾಕ್ಟೀರಿಯಾಕ್ಕೆ ನ್ಯೂಕ್ಲಿಯಸ್ ಇಲ್ಲ ಅಂತ ಮಿಸ್ ಹತ್ರ ವಾದ ಮಾಡ್ದೆ ಕಣೋ. ನಡುವೆ ಕೆಂಪು ಉಂಡೆ ಇರೋ ಹೊಸ ಮಾದರಿ ತಂದು ಮುಖಕ್ಕೆ ಹಿಡಿದ್ರು. ಪುಸ್ತಕದಲ್ಲಿ ಇಲ್ವಲ್ಲ ಅಂದ್ರೆ, ಪುಸ್ತಕ ಹಳೇದು, ಇದು ಹೊಸದು ಅಂದ್ರು. ನಮ್ಮಣ್ಣನೇ ಹೇಳಿದ್ದು ಅಂದೆ, ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾಳೆ ಬಂದು ನೀನೇ ಹೇಳು."

ಹೋಗಿ ಹೇಳಿದರೆ ಸುದ್ದಿ ಕಾರ್ಖಾನೆ ಮುಟ್ಟಲು ಎಷ್ಟು ಹೊತ್ತು. ಅವನು ಉಗುರಿನ ಸಂದಿಯ ಬಣ್ಣ ಕೆರೆಯುತ್ತ ಕೂತ.

"ನಾನೇ ತಪ್ಪು ಹೇಳ್ಕೊಟ್ಟಿದ್ದು ಕಣೇ. ಮಿಸ್ ಹೇಳಿದ ಹಾಗೇ ಬರಿ."

ಅವಳು ಮೂಲೆಗೆ ಹೋದಳು. ಚೀಲ ಎತ್ತಿಕೊಂಡಳು.

"ಹೋಗ್ಲಿ ಬಿಡು. ಇನ್ಮೇಲೆ ಪಕ್ಕದ್ಮನೆ ಅಕ್ಕನ ಹತ್ರ ಹೇಳಿಸ್ಕೋತೀನಿ."